ದ್ವೇಷವಿಲ್ಲದಿದ್ದರೆ ಸಾಕೇ?



ವರ್ಣಭೇದವೆಂದರೇನು ಎಂದು ಕೇಳಿದರೆ ನೀವೇನು ಹೇಳುವಿರಿ? ಬಿಳಿಯನು ಕರಿಯನನ್ನು ದ್ವೇಷಿಸುವುದು, ನಿಂದಿಸುವುದು ಎನ್ನಬಹುದು. ಅದು ಸರಿ, ಆದರೆ ಅರ್ಧ ಮಾತ್ರ. ಯಾರನ್ನೂ ದ್ವೇಷಿಸದ ಸಜ್ಜನನೂ ಅನ್ಯಾಯದ ಫಲವನ್ನು ಉಣ್ಣುತ್ತಿರಬಹುದು. ಅಮೇರಿಕಾದ ಮನೆಸಾಲದ ಚರಿತ್ರೆಯೇ ಇದಕ್ಕೆ ಸಾಕ್ಷಿ.

1934ರಲ್ಲಿ ಅಲ್ಲಿನ ಸರಕಾರವು ಮನೆಸಾಲಗಳಿಗೆ ವಿಮೆಯ ಭದ್ರತೆ ಒದಗಿಸತೊಡಗಿತು. ಸಾಲ ಮರುಪಾವತಿಯಾಗದಿದ್ದರೆ ನಷ್ಟವನ್ನು ಸರಕಾರವೇ ತುಂಬುತ್ತಿತ್ತು. ಆದ್ದರಿಂದ ಬ್ಯಾಂಕುಗಳು ಧೈರ್ಯದಿಂದ ದೀರ್ಘಾವಧಿಯ ಸಾಲ ಕೊಟ್ಟವು. ಆದರೆ ಯಾರಿಗೆ? ಆ ದಶಕದಲ್ಲೇ ಇನ್ನೊಂದು ಸರಕಾರಿ ಸಂಸ್ಥೆ ನಗರಗಳ ನಕ್ಷೆ ತಯಾರಿಸಿ, ಕರಿಯರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಹಚ್ಚಿ 'ಅಪಾಯಕಾರಿ' ಎಂದು ಬರೆಯಿತು. ವಿಮೆಯ ನಿಯಮಗಳೂ ಅಂತಹ ಬಡಾವಣೆಗಳನ್ನು ದೂರವಿಟ್ಟವು. 1947ರಲ್ಲಿ ನ್ಯೂಯಾರ್ಕಿನ ಸಮೀಪ ಲೆವಿಟ್‌ಟೌನ್ ಎಂಬ ಹೊಸ ಊರಿನ ನಿರ್ಮಾಣ ಆರಂಭವಾಯಿತು. ಅಲ್ಲಿನ ಕರಾರುಪತ್ರದ ಪ್ರಕಾರ, ಬಿಳಿಯರಲ್ಲದವರು ಮನೆಗೆಲಸದವರಾಗಿ ಮಾತ್ರ ಇರಬಹುದಿತ್ತು. ದೇಶಕ್ಕಾಗಿ ಯುದ್ಧ ಮಾಡಿ ಬಂದ ಕರಿಯ ಸೈನಿಕನಿಗೂ ಅಲ್ಲಿ ಮನೆಯಿರಲಿಲ್ಲ.

1968ರಲ್ಲಿ ಕಾನೂನು ಈ ಭೇದವನ್ನು ನಿಷೇಧಿಸಿತು. ಅಷ್ಟರಲ್ಲಿ ಬಿಳಿಯರ ಮನೆಗಳ ಬೆಲೆ ಏರಿತ್ತು. ಆ ಸಂಪತ್ತು ಮಕ್ಕಳ ಶಿಕ್ಷಣವಾಯಿತು, ವ್ಯಾಪಾರದ ಬಂಡವಾಳವಾಯಿತು, ಮೊಮ್ಮಕ್ಕಳ ಆಸ್ತಿಯಾಯಿತು. ಅಲ್ಲಿನ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಂತೆ ಮಧ್ಯಮ ಸ್ಥಾನದ ಬಿಳಿಯ ಕುಟುಂಬದ ಸಂಪತ್ತು 2,85,000 ಡಾಲರ್; ಕರಿಯ ಕುಟುಂಬದ್ದು ಸುಮಾರು 45,000. ಗುಲಾಮಗಿರಿಯಿಂದ ಹಿಡಿದು ಇದಕ್ಕೆ ಹಲವು ಕಾರಣಗಳಿವೆ. ಮುಚ್ಚಿದ ಆ ಬಾಗಿಲೂ ಅವುಗಳಲ್ಲೊಂದು.

"ಇದು ನನ್ನ ತಂದೆ ಬೆವರು ಸುರಿಸಿ ಗಳಿಸಿದ ಮನೆ. ನಾನೇನು ತಪ್ಪು ಮಾಡಿದೆ?" ಎಂದು ಬಿಳಿಯನು ಕೇಳಬಹುದು. ಬೆವರು ಸುರಿಸಿದ್ದು ನಿಜ. ಆದರೆ ಅಷ್ಟೇ ಬೆವರು ಸುರಿಸಿದ ಕರಿಯನಿಗೆ ಸಾಲ ಸಿಗಲಿಲ್ಲವೆಂಬುದೂ ನಿಜ. ಬಿಳಿತನವೆಂಬ ಸವಲತ್ತು ಇದುವೇ. ಅದನ್ನು ಪಡೆದವನಿಗೆ ಅದು ಕಾಣಿಸುವುದಿಲ್ಲ.

ಹಾಗಾದರೆ ದೋಷ ಚರ್ಮದಲ್ಲಿದೆಯೇ? ಇಲ್ಲ. 1964ರಲ್ಲಿ ಹಜ್ಜ್‌ಗೆ ಹೋದ ಮಾಲ್ಕಂ ಎಕ್ಸ್ ಬಿಳಿ ಚರ್ಮದ ಮುಸ್ಲಿಮರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡರು. ಅಮೇರಿಕಾದಲ್ಲಿ 'ಬಿಳಿಯ' ಎಂಬುದು ಬರೀ ಬಣ್ಣವಲ್ಲ, ಒಂದು ಮನೋಭಾವ ಮತ್ತು ವರ್ತನೆ ಎಂದು ಅವರು ಅಲ್ಲಿ ಮನಗಂಡರು. ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಕೆಡವಬಲ್ಲರು.

ಆದುದರಿಂದ ಹೃದಯವನ್ನು ಶುದ್ಧವಾಗಿಟ್ಟರಷ್ಟೇ ಸಾಲದು. ತಕ್ಕಡಿಯೇ ಓರೆಯಾಗಿದ್ದರೆ ಅದನ್ನು ಹಿಡಿದವನ ಸದ್ಭಾವನೆಯಿಂದ ತೂಕ ಸರಿಯಾಗದು. ನ್ಯಾಯ ಬಯಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನಗೆ ತೆರೆದ ಬಾಗಿಲು ಯಾರಿಗೆ ಮುಚ್ಚಿತ್ತು?