ಜಾಕಿಗೆ ಯಾವ ಎಣ್ಣೆ?

ಚಾಮರಾಜಪೇಟೆಯ ಗ್ಯಾರೇಜಿನ ಓದುಗರು ಕೇಳಿರುವ ಹೈಡ್ರಾಲಿಕ್ ಜಾಕಿಯ ವಿಷಯದಲ್ಲಿ, ಡಬ್ಬಿಯ ಮೇಲೆ ಜಾಕಿ ತಯಾರಕರ ಹೆಸರಿದೆಯೇ ಎಂಬುದಕ್ಕಿಂತ, ಒಳಗಿರುವ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಡ್ಡುವ ಪ್ರತಿರೋಧ, ಕೈಪಿಡಿ ಸೂಚಿಸಿದ ದರ್ಜೆಗೆ ಹೊಂದುತ್ತದೆಯೇ ಎಂಬುದು ಮುಖ್ಯ. ಉದಾಹರಣೆಗೆ, ಐಎಸ್‌ಒ ವಿಜಿ 32 ಎಂಬ ದರ್ಜೆ ಎಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 32 ಸೆಂಟಿಸ್ಟೋಕ್ಸ್ ಸ್ನಿಗ್ಧತೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೇಳಬೇಕಾದದ್ದು ಕೈಪಿಡಿ ಹೇಳಿದ ದರ್ಜೆಯನ್ನೇ ಹೊರತು ಎಣ್ಣೆಯ ಬಣ್ಣವನ್ನಲ್ಲ. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಮಾತ್ರ, ಅದು ಎಷ್ಟೇ ಹೆಸರಾಂತ ಕಂಪನಿಯದಾಗಿರಲಿ, ಖನಿಜ ತೈಲಕ್ಕೆಂದೇ ಮಾಡಿದ ನೈಟ್ರೈಲ್ ರಬ್ಬರಿನ ಸೀಲುಗಳನ್ನು, ಎಂದರೆ ಸೋರಿಕೆ ತಡೆಯುವ ಉಂಗುರಗಳನ್ನು, ಕೆಡಿಸಿ ಎತ್ತಿದ ಕಾರು ಕುಸಿಯುವಂತೆ ಮಾಡೀತು. ವಾರಂಟಿ ಇರುವವರೆಗೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕುವುದು ಜಾಣತನ. ಆಮೇಲೆ ಅದೇ ದರ್ಜೆಯ, ಸವೆತ ತಡೆಯುವ ರಾಸಾಯನಿಕಗಳುಳ್ಳ ಸಾಮಾನ್ಯ ಎಣ್ಣೆ ಸಾಕು. ಮೊಹರಿಲ್ಲದ ಡಬ್ಬದಿಂದ ಬಿಡಿಯಾಗಿ ಸುರಿದುಕೊಡುವ ಎಣ್ಣೆ ಎಷ್ಟು ಅಗ್ಗವಾದರೂ ಬೇಡ.