ಮಯಸ್ತೇನಿಯಾ ಗ್ರೇವಿಸ್: ಎಂಆರ್‌ಐನಲ್ಲಿ ಕಣ್ಣಿನ ಸ್ನಾಯುಗಳು

ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಯಾಗುತ್ತ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು: ಮಯಸ್ತೇನಿಯಾ ಗ್ರೇವಿಸ್ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಇದು ಸ್ವಯಂಪ್ರತಿರಕ್ಷಾ ಕಾಯಿಲೆ. ನರ ಮತ್ತು ಸ್ನಾಯು ಸೇರುವ ಜಾಗದ ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೇಲೆ ದೇಹದ ಪ್ರತಿಕಾಯಗಳೇ ಎರಗುತ್ತವೆ. 1973ರಲ್ಲಿ ಸಂಶೋಧಕರಾದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಲೆಕ್ಟ್ರಿಕ್ ಈಲ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ ಅವುಗಳಲ್ಲೂ ಇದೇ ಬಗೆಯ ನಿಶ್ಶಕ್ತಿ ಕಾಣಿಸಿಕೊಂಡಿತು.

ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳು 6. ಅವನ್ನು ನಡೆಸುವುದು 3, 4 ಮತ್ತು 6ನೇ ಕಪಾಲ ನರಗಳು.

ರೋಗ ಹೊಸದಿದ್ದಾಗ ಎಂಆರ್‌ಐನಲ್ಲಿ ಈ ಸ್ನಾಯುಗಳು ಬಹುಮಟ್ಟಿಗೆ ಸಹಜವಾಗಿಯೇ ಕಾಣಬಹುದು. ವರ್ಷಗಟ್ಟಲೆ ಹಳೆಯದಾದ, ಔಷಧಕ್ಕೆ ಬಗ್ಗದ ಕೆಲವರಲ್ಲಿ ಮಾತ್ರ ಸ್ನಾಯು ಸೊರಗಿ, ಅದರ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಟಿ1 ಚಿತ್ರದಲ್ಲಿ ಸ್ನಾಯು ಬೂದು, ಕೊಬ್ಬು ಬಿಳಿ. ಹಾಗಾಗಿ ಬೂದುಪಟ್ಟಿ ತೆಳುವಾಗಿ ನಡುವೆ ಬಿಳಿಗೆರೆಗಳು ಮೂಡುತ್ತವೆ. ಕೊಬ್ಬಿನ ಪಾಲನ್ನು ಅಳೆಯಲು ಡಿಕ್ಸನ್ ವಿಧಾನವಿದೆ: ನೀರು ಮತ್ತು ಕೊಬ್ಬಿನ ಸಂಕೇತಗಳನ್ನು ಅದು ಬೇರ್ಪಡಿಸುತ್ತದೆ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇದನ್ನು ಥೈರಾಯ್ಡ್ ಕಣ್ಣಿನ ಕಾಯಿಲೆಯಿಂದ ಬೇರ್ಪಡಿಸುವಲ್ಲಿ. ಅಲ್ಲಿ ಸ್ನಾಯು ಊದಿಕೊಳ್ಳುತ್ತದೆ, ಸ್ನಾಯುರಜ್ಜು ಸಾಮಾನ್ಯವಾಗಿ ಊದುವುದಿಲ್ಲ. ಎರಡೂ ಕಾಯಿಲೆಗಳು ಒಬ್ಬರಲ್ಲೇ ಇರಬಹುದು ಎಂಬುದು ಬೇರೆ ಮಾತು.

ಮಯಸ್ತೇನಿಯಾವನ್ನು ಖಚಿತಪಡಿಸುವುದು ಪ್ರತಿಕಾಯದ ರಕ್ತಪರೀಕ್ಷೆ ಮತ್ತು ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆ. ಎದೆಯ ಸಿಟಿ ಸ್ಕ್ಯಾನ್ ಜೊತೆಗಿರಬಹುದಾದ ಥೈಮಸ್ ಗೆಡ್ಡೆಯನ್ನು ಹುಡುಕಲು. ‘ಎಂಆರ್‌ಐ ಸಹಜವಿದ್ದರೆ ಮಯಸ್ತೇನಿಯಾ ಇಲ್ಲ’ ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ತಪ್ಪು ಎಂದೇ ಗುರುತಿಸಿ.