ದೋಸೆಯ ತೂತು

“ಎಲ್ಲರ ಮನೆ ದೋಸೆಯೂ ತೂತೇ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕುಂದುಕೊರತೆ ಎಲ್ಲರ ಮನೆಯಲ್ಲಿಯೂ ಉಂಟು ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆಯನ್ನು ಕಟ್ಟಿದವನು ದೋಸೆಯನ್ನು ತಿಂದವನೇ ಹೊರತು ಹೊಯ್ದವನಲ್ಲವೆಂದು ನನಗೆ ತೋರುತ್ತದೆ. ಹೊಯ್ಯಬಲ್ಲವರಿಗೆ ತೂತು ಕುಂದಲ್ಲ. ಅಷ್ಟೆಲ್ಲ ನೆನೆಹಾಕಿ ರುಬ್ಬುವುದು ಅದಕ್ಕಾಗಿಯೇ. ಇತಿಹಾಸದ ವಿದ್ಯಾರ್ಥಿಗೆ ಅಡುಗೆಮನೆಯಲ್ಲೇನು ಕೆಲಸವೆಂದು ಮಿತ್ರರು ನಗಬಹುದು. ನಗಲಿ, ಅವರೂ ನಾಳೆ ಬಾಡಿಗೆಯ ಕೋಣೆಯಲ್ಲಿ ಅಡುಗೆ ಮಾಡಿಕೊಳ್ಳಬೇಕಾದವರೇ.

ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನ ಬೇಳೆ, ಒಂದು ಚಮಚ ಮೆಂತ್ಯ. ಅಕ್ಕಿಯನ್ನೂ ಬೇಳೆಯನ್ನೂ ಬೇರೆಬೇರೆಯಾಗಿ ನಾಲ್ಕೈದು ಗಂಟೆ ನೆನೆಹಾಕಬೇಕು. ಮೆಂತ್ಯ ಬೇಳೆಯ ಜೊತೆಗೇ ಇರಲಿ. ಮೊದಲು ಬೇಳೆಯನ್ನು ತಣ್ಣೀರು ಚಿಮುಕಿಸುತ್ತ ನುಣ್ಣಗೆ ರುಬ್ಬಬೇಕು. ಅದರ ಒಂದು ಹನಿಯನ್ನು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕೆಂದು ಅರ್ಥ. ಅಕ್ಕಿ ಸ್ವಲ್ಪ ತರಿಯಾಗಿದ್ದರೂ ಬಾಧಕವಿಲ್ಲ. ಎರಡನ್ನೂ ಉಪ್ಪಿನೊಡನೆ ಕೈಯಿಂದಲೇ ಕಲಸಿ, ಅರ್ಧ ಬರಿದಾಗಿರುವ ಪಾತ್ರೆಯಲ್ಲಿ ಇಡಬೇಕು. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ಪುಷ್ಯದ ಚಳಿಯಲ್ಲಿ ಹನ್ನೆರಡು ಗಂಟೆಯೂ ಸಾಲದೆ ಒಲೆಯ ಪಕ್ಕದಲ್ಲಿ ಗೋಣಿತಾಟು ಹೊದಿಸಿ ಇಡಬೇಕಾಗುತ್ತದೆ.

ರಾತ್ರಿ ಆ ಪಾತ್ರೆಯೊಳಗೆ ನಡೆಯುವುದೇ ದೋಸೆಯ ಮುಖ್ಯ ವ್ಯಾಪಾರ. ಬೇಳೆಕಾಳುಗಳ ಮೇಲೆ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಇಡ್ಲಿಯ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಜೀವಿಯೆಂದು 1965ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ದೋಸೆಯ ಹಿಟ್ಟೂ ಅದೇ ಕುಲದ್ದು. ಆದರೆ ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವವರು ಬೇಕು. ಉದ್ದಿನಲ್ಲಿರುವ ಲೋಳೆ ಮತ್ತು ಪ್ರೋಟೀನು ಆ ಕೆಲಸ ಮಾಡುತ್ತವೆ. ಹಿಟ್ಟು ಕಾದ ಕಾವಲಿಯ ಮೇಲೆ ಬಿದ್ದೊಡನೆ ಅನಿಲವೂ ಹಬೆಯೂ ಮೇಲಕ್ಕೆ ನುಗ್ಗಿ ತೂತು ಕೊರೆಯುತ್ತವೆ.

ಹಾಗಾದರೆ ಉದ್ದು ಕಡಮೆಯಾದ ಮನೆಯ ಗತಿಯೇನು? ಗಾದೆ “ಎಲ್ಲರ ಮನೆ” ಎಂದು ಹೇಳಿಬಿಡುತ್ತದೆ. ನಮ್ಮ ಮನೆಯ ದೋಸೆಗೆ ಬಹುಕಾಲ ತೂತೇ ಇರಲಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಮೇಲೆ ಅಕ್ಕಿಗೆ ಚಿಂತೆಯಿರಲಿಲ್ಲ, ಆದರೆ ಉದ್ದನ್ನು ಅಂಗಡಿಯಿಂದಲೇ ತರಬೇಕು. ಅವ್ವ ಆರು ಪಾವು ಅಕ್ಕಿಗೆ ಅರ್ಧ ಪಾವು ಉದ್ದು ಹಾಕಿ, ಮೆತ್ತಗಾಗಲೆಂದು ರಾತ್ರಿಯ ಅನ್ನವನ್ನೂ ಸೇರಿಸಿ ರುಬ್ಬುತ್ತಿದ್ದಳು. ದೋಸೆ ದಪ್ಪವಾಗಿ, ಆರಿದರೆ ತೊಗಲಿನಂತಾಗುತ್ತಿತ್ತು. “ಹಿಟ್ಟಿಗೆ ಉಸಿರಿಲ್ಲ” ಎನ್ನುತ್ತಿದ್ದಳು. ಶಾಲೆಯ ಮೆಟ್ಟಿಲನ್ನು ಹತ್ತದ ಆಕೆಯ ಈ ಮೂರು ಮಾತಿಗಿಂತ ಮೇಲಿನ ನನ್ನ ವಿವರಣೆ ಉದ್ದವಾಗಿದೆಯಷ್ಟೆ. ಈಗ ರಜೆಗೆ ಊರಿಗೆ ಹೋಗುವಾಗ ಒಂದು ಕಿಲೋ ಬೇಳೆ ಕೊಂಡೊಯ್ಯುತ್ತೇನೆ. ಅದರಲ್ಲಿಯೂ ಒಂದು ಹಿಡಿಯನ್ನು ಆಕೆ ಡಬ್ಬಿಗೆ ಹಾಕಿ ಎತ್ತಿಡುತ್ತಾಳೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೆಂಬ 12ನೆಯ ಶತಮಾನದ ಸಂಸ್ಕೃತ ಗ್ರಂಥದಲ್ಲಿ ‘ಧೋಸಕ’ದ ಪ್ರಸ್ತಾಪವಿದೆ. ಅದನ್ನು ಮಾಡುತ್ತಿದ್ದುದು ಬೇಳೆಯ ಹಿಟ್ಟಿನಿಂದ. ಅರಸನ ದೋಸೆಯಲ್ಲಿ ಬೇಳೆಯೇ ದೋಸೆ. ನಮ್ಮದರಲ್ಲಿ ಅದನ್ನು ಹುಡುಕಬೇಕಾಗಿತ್ತು.

ಉದ್ದಿಲ್ಲದೆಯೂ ತೂತು ಬೇಕೆನ್ನುವವರಿಗೆ ಕರಾವಳಿಯ ನೀರುದೋಸೆಯುಂಟು. ನೆನೆದ ಅಕ್ಕಿಯೊಂದನ್ನೇ ನುಣ್ಣಗೆ ರುಬ್ಬಿ, ಮಜ್ಜಿಗೆಗಿಂತಲೂ ತೆಳ್ಳಗೆ ಮಾಡಿ, ಕೂಡಲೇ ಹೊಯ್ಯುವುದು. ಹುಳಿಯಿಲ್ಲ, ರಾತ್ರಿ ಕಾಯುವುದಿಲ್ಲ. ನೀರು ಹಬೆಯಾಗಿ ಏಳುವಾಗಲೇ ಜಾಳಿಗೆ ಬಿಡುತ್ತದೆ. ಇದಕ್ಕೆ ಕಾವಲಿ ಚೆನ್ನಾಗಿ ಕಾದಿರಬೇಕು. ಉದ್ದಿನ ದೋಸೆಗೆ ಅಷ್ಟು ಬಿಸಿ ಸಲ್ಲದು, ಹಿಟ್ಟು ಸೌಟಿಗೇ ಅಂಟಿ ಎದ್ದು ಬರುತ್ತದೆ. ಆಗ ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಕಾವಲಿಯನ್ನು ಉಜ್ಜಿ, ನಡುವಿನಿಂದ ಅಂಚಿಗೆ ಒಂದೇ ಕೈಯಲ್ಲಿ ಸುತ್ತಬೇಕು. ಒತ್ತಬಾರದು. ಮರುದಿನಕ್ಕೆ ಉಳಿದ ಹಿಟ್ಟು ಹುಳಿ ಹೆಚ್ಚಿಸಿಕೊಂಡಿರುತ್ತದೆ. ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಗುಳಿಯಪ್ಪ ಮಾಡಿದರೆ ಯಾರೂ ಬೇಡವೆನ್ನುವುದಿಲ್ಲ.